ಬಚ್ಚಲುಮನೆಯ ಗೋಡೆಯೂ ಕಲ್ಲಿನ ಹೊರೆಯೂ

ನಮ್ಮ ಮಂಗಳೂರಿನ ಗೃಹಸ್ಥರಲ್ಲಿ ಈಚೆಗೆ ಒಂದು ಹೊಸ ಅಭಿರುಚಿಯು ಹಬ್ಬುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಬಚ್ಚಲುಮನೆಯ ಗೋಡೆಗಳಿಗೆ ಆಸೆಯಿಂದ ಹಚ್ಚಿಸಿದ ಬಿಳಿಯ, ನಸುನೀಲಿಯ ಟೈಲ್ಸುಗಳು ಈಗ ಮನೆಯವರ ಕಣ್ಣಿಗೆ ಹಳತಾಗಿ ತೋರುತ್ತವೆ. ಅವುಗಳ ಸ್ಥಾನದಲ್ಲಿ ನಿಜವಾದ ಕಲ್ಲನ್ನೇ ಕಾಣಬೇಕೆಂಬುದು ಇಂದಿನ ಆಸೆ. ಒಬ್ಬರಿಗೆ ಕರಿಯ ಗ್ರಾನೈಟು ಬೇಕು. ಇನ್ನೊಬ್ಬರಿಗೆ ಕಡಪದ ಕಲ್ಲು. ಮತ್ತೊಬ್ಬರಿಗೆ ರಾಜಸ್ಥಾನದ ಅಮೃತಶಿಲೆ. ಊರ ಅಭಿಮಾನವುಳ್ಳ ಕೆಲವರಿಗೆ ನಮ್ಮ ಮುರಕಲ್ಲನ್ನೇ ತೆಳ್ಳಗೆ ಕೊಯ್ದು ಮಾಡಿದ ಹಲಗೆ. ಕಲ್ಲಿನ ಮೇಲಿನ ಈ ಪ್ರೀತಿಯಲ್ಲಿ ತಪ್ಪೇನೂ ಇಲ್ಲ.

ತೊಡಕು ಉಂಟಾಗುವುದು ಮುಂದಿನ ಹೆಜ್ಜೆಯಲ್ಲಿ. ಹಳೆಯ ಟೈಲ್ಸುಗಳನ್ನು ಕೀಳಬೇಕಾದರೆ ಉಳಿಸುತ್ತಿಗೆಗಳ ಸದ್ದು, ಮನೆತುಂಬ ಧೂಳು, ಹೊತ್ತುಹಾಕಬೇಕಾದ ಕಸದ ರಾಶಿ, ಕೂಲಿಯ ಖರ್ಚು, ನೆರೆಯವರ ಬೇಸರ ಇವೆಲ್ಲ ತಪ್ಪುವುದಿಲ್ಲ. ಆಗ ಯಾರಾದರೊಬ್ಬರು, “ಕೀಳುವುದೇಕೆ? ಇದ್ದುದರ ಮೇಲೆಯೇ ಅಂಟಿಸಿಬಿಡೋಣ. ಈಗ ಅದಕ್ಕೆ ಒಳ್ಳೆಯ ಅಂಟು ಬಂದಿದೆ” ಎಂದು ಸಲಹೆ ಕೊಡುತ್ತಾರೆ. ಮಾತು ಸುಲಭವಾಗಿದೆ, ಖರ್ಚೂ ಕಡಮೆ. ಆದರೆ ಅದು ಎಲ್ಲ ಗೋಡೆಗೂ ಸಲ್ಲುವ ಮಾತೇ? ಭಾರವಾದ ಕಲ್ಲನ್ನು ಹಳೆಯ ಟೈಲ್ಸಿನ ಮೇಲೆ ಅಂಟಿಸಬಹುದೆ, ಅಂಟಿಸುವುದಾದರೆ ಯಾವಾಗ, ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಇದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ಬಚ್ಚಲುಮನೆಯು ಮಕ್ಕಳೂ ಮುದುಕರೂ ಮೈಮೇಲೆ ಅರಿವೆಯಿಲ್ಲದೆ, ಕಣ್ಣಿಗೆ ಸಾಬೂನು ಹೋಗಿ, ಒದ್ದೆಯ ನೆಲದ ಮೇಲೆ ನಿಲ್ಲುವ ಸ್ಥಳ. ಅಲ್ಲಿ ತಲೆಯ ಎತ್ತರದಿಂದ ಒಂದು ಕಲ್ಲು ಕಳಚಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಟೈಲೆಂಬ ಮಾತು ನಮ್ಮ ಊರಿಗೆ ಹೊಸತಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ೧೮೬೫ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಯು ಸುಟ್ಟ ಹಂಚಾಗಿ ಹಡಗನ್ನೇರಿ ದೇಶದೇಶಗಳಿಗೆ ಹೋಯಿತು. ಆ ಕಾರ್ಖಾನೆಗಳಲ್ಲಿ ಹಲವು ಈಗ ಮುಚ್ಚಿದುವು. ಆದರೆ ಮಂಗಳೂರು ಹಂಚೆಂಬ ಹೆಸರು ಅಳಿಯಲಿಲ್ಲ. ‘ಟೈಲ್’ ಎಂಬ ಇಂಗ್ಲಿಷ್ ಶಬ್ದದ ಮೂಲವು ಮುಚ್ಚುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತು. ಸಂಸ್ಕೃತದ ‘ಸ್ಥಗ್’ ಎಂಬ ಧಾತುವು ಅದರ ದಾಯಾದಿಯೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ‘ಸ್ಥಗ್’ ಎಂಬುದಕ್ಕೆ ಮುಚ್ಚುವುದೆಂಬ ಅರ್ಥವೂ ಉಂಟು, ಮರೆಮಾಡುವುದೆಂಬ ಅರ್ಥವೂ ಉಂಟು. ಈ ಎರಡನೆಯ ಅರ್ಥವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ. ಮುಂದೆ ಉಪಯೋಗಕ್ಕೆ ಬರುವುದು.

ಮಾಡಿನ ಹಂಚಿಗೂ ಗೋಡೆಯ ಟೈಲ್ಸಿಗೂ ಒಂದು ದೊಡ್ಡ ಭೇದವಿದೆ. ಮಾಡಿನ ಹಂಚಿನ ಕೆಳಬದಿಯಲ್ಲಿ ಒಂದು ಮೂಗು ಇರುವುದಷ್ಟೆ. ಅದು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಹಂಚಿನ ಭಾರವು ರೀಪಿನ ಮೇಲೆ, ರೀಪಿನ ಭಾರವು ಪಕ್ಕಾಸಿನ ಮೇಲೆ ಬೀಳುತ್ತದೆ. ಅಲ್ಲಿ ಅಂಟಿನ ಕೆಲಸವೇ ಇಲ್ಲ. ಹಂಚನ್ನು ಸ್ಥಳದಲ್ಲಿ ನಿಲ್ಲಿಸುವುದು ಅದರ ಭಾರವೇ. ಗೋಡೆಗೆ ಹಚ್ಚಿದ ಕಲ್ಲಿನ ಪಾಡು ಇದಕ್ಕೆ ವಿಪರೀತವಾದುದು. ಅಲ್ಲಿ ಕಲ್ಲಿಗೆ ಕಾಲಿಲ್ಲ, ಮೂಗಿಲ್ಲ, ಬೆನ್ನೊಂದೇ ಗತಿ. ಅದರ ಭಾರವು ಅದನ್ನು ನಿಲ್ಲಿಸುವುದಿಲ್ಲ, ಹಗಲಿರುಳೂ ಕೆಳಕ್ಕೆ ಎಳೆಯುತ್ತದೆ.

ತರ್ಕಶಾಸ್ತ್ರವನ್ನೋದಿದ ಪಂಡಿತನೊಬ್ಬನ ಕಥೆಯು ನಮ್ಮಲ್ಲಿ ಬಹಳ ಪ್ರಸಿದ್ಧವಾದುದು. ಪಾತ್ರೆಯಲ್ಲಿ ತುಪ್ಪವನ್ನು ಕೊಂಡೊಯ್ಯುತ್ತಿದ್ದ ಅವನಿಗೆ, ತುಪ್ಪಕ್ಕೆ ಪಾತ್ರೆಯು ಆಧಾರವೋ, ಪಾತ್ರೆಗೆ ತುಪ್ಪವು ಆಧಾರವೋ ಎಂಬ ಸಂಶಯವು ಹುಟ್ಟಿತಂತೆ. ಪರೀಕ್ಷಿಸಲೆಂದು ಪಾತ್ರೆಯನ್ನು ಬೋರಲಾಗಿಸಿದನು. ಸಂಶಯವೂ ಹೋಯಿತು, ತುಪ್ಪವೂ ಹೋಯಿತು. ಕಥೆಯನ್ನು ಕೇಳಿ ನಾವು ನಗುತ್ತೇವೆ. ಆದರೆ ಗೋಡೆಗೆ ಕಲ್ಲನ್ನು ಹಚ್ಚಿಸುವ ಗೃಹಸ್ಥನು ಯಾವುದಕ್ಕೆ ಯಾವುದು ಆಧಾರವೆಂದು ಮೊದಲೇ ಕೇಳದಿದ್ದರೆ, ಅವನು ಮಾಡುವುದೂ ಅದೇ ಪರೀಕ್ಷೆಯನ್ನೇ. ಖರ್ಚು ಮಾತ್ರ ಹೆಚ್ಚು.

ಹಾಗಾದರೆ ಕೇಳೋಣ. ಹೊಸ ಕಲ್ಲು ಯಾವುದನ್ನು ಹಿಡಿದಿದೆ? ಅಂಟನ್ನು. ಅಂಟು? ಹಳೆಯ ಟೈಲ್ಸಿನ ನುಣುಪಾದ ಮುಖವನ್ನು. ಹಳೆಯ ಟೈಲ್ಸು? ತನ್ನ ಬೆನ್ನಿನ ಸಿಮೆಂಟುಗಾರೆಯನ್ನು. ಆ ಗಾರೆಯು? ಗೋಡೆಯ ಸಾರಣೆಯನ್ನು. ಸಾರಣೆಯು? ಮುರಕಲ್ಲಿನ ಅಥವಾ ಇಟ್ಟಿಗೆಯ ಗೋಡೆಯನ್ನು. ಒಬ್ಬ ಕುರುಡನ ಹೆಗಲನ್ನು ಇನ್ನೊಬ್ಬ ಕುರುಡನು ಹಿಡಿದು ಸಾಲಾಗಿ ನಡೆಯುವುದಕ್ಕೆ ಅಂಧಪರಂಪರಾನ್ಯಾಯವೆಂದು ಹೆಸರು. ಇಲ್ಲಿಯೂ ಅದೇ ಕ್ರಮ. ಐದು ಕೈಗಳಲ್ಲಿ ನಾಲ್ಕು ಎಷ್ಟೇ ಬಿಗಿಯಾಗಿದ್ದರೂ ಐದನೆಯದು ಸಡಿಲವಾದರೆ ಸಾಲೆಲ್ಲವೂ ಹಳ್ಳಕ್ಕೆ ಬೀಳುವುದು.

ಇನ್ನು ಭಾರದ ಲೆಕ್ಕವನ್ನು ನೋಡೋಣ. ಗ್ರಾನೈಟು, ಅಮೃತಶಿಲೆಗಳು ನೀರಿಗಿಂತ ಸುಮಾರು ೨.೭ ಪಾಲು ಭಾರವುಳ್ಳವು. ೨೦ ಮಿಲಿಮೀಟರು ದಪ್ಪದ ಹಲಗೆಯು ಚದರ ಮೀಟರಿಗೆ ಸುಮಾರು ೫೪ ಕಿಲೋಗ್ರಾಂ, ಎಂದರೆ ಚದರ ಅಡಿಗೆ ೫ ಕಿಲೋಗ್ರಾಂ ತೂಗುವುದು. ಐದಡಿಗೆ ಎಂಟಡಿಯ ಸಣ್ಣ ಬಚ್ಚಲುಮನೆಯೊಂದನ್ನು ಎಣಿಸಿಕೊಳ್ಳಿರಿ. ಸುತ್ತಳತೆ ೨೬ ಅಡಿ. ಏಳಡಿಯ ಎತ್ತರಕ್ಕೆ ಹಚ್ಚಿ, ಬಾಗಿಲಿನ ಭಾಗವನ್ನು ಕಳೆದರೆ ಸುಮಾರು ೧೬೫ ಚದರ ಅಡಿ ಉಳಿಯುವುದು. ಕಲ್ಲೇ ೮೨೫ ಕಿಲೋಗ್ರಾಂ. ಐದು ಮಿಲಿಮೀಟರು ಅಂಟನ್ನು ಸೇರಿಸಿದರೆ ಒಟ್ಟು ಸುಮಾರು ೯೫೦ ಕಿಲೋಗ್ರಾಂ. ಎಂದರೆ ೫೦ ಕಿಲೋಗ್ರಾಮಿನ ೧೯ ಸಿಮೆಂಟು ಚೀಲಗಳನ್ನು ಗೋಡೆಗಳಿಗೆ ನೇತುಹಾಕಿದಂತಾಯಿತು. ಇದು ಹಳೆಯ ಟೈಲ್ಸು ಮತ್ತು ಗಾರೆಗಳ ಭಾರದ ಜೊತೆಗೆ ಸೇರುವ ಹೊಸ ಹೊರೆ. ಕಲ್ಲು ೧೦ ಮಿಲಿಮೀಟರು ದಪ್ಪದ್ದಾದರೆ ಕಲ್ಲಿನ ಭಾರವು ಅರ್ಧಕ್ಕಿಳಿಯುವುದು.

ಇಂಗ್ಲೆಂಡಿನ ಕೆಲಸಗಾರರು ಈ ವಿಷಯದಲ್ಲಿ ಒಂದು ಮಿತಿಯನ್ನಿಟ್ಟುಕೊಂಡಿದ್ದಾರೆ. ಜಿಪ್ಸಮ್ಮಿನ ಸಾರಣೆಯುಳ್ಳ ಗೋಡೆಗೆ ಅಂಟನ್ನೂ ಸೇರಿಸಿ ಚದರ ಮೀಟರಿಗೆ ೨೦ ಕಿಲೋಗ್ರಾಮಿಗಿಂತ ಹೆಚ್ಚು ಭಾರವನ್ನು ಹೊರಿಸಬಾರದೆಂದು ಅವರ ನಿಯಮ. ಸಿಮೆಂಟಿನ ಸಾರಣೆಯು ಅದಕ್ಕಿಂತ ಗಟ್ಟಿಯೆಂಬುದು ನಿಜ. ಆದರೆ ಈಗಿನ ಕೆಲವು ಹೊಸ ಕಟ್ಟಡಗಳಲ್ಲಿ ಒಳಗೋಡೆಗಳಿಗೆ ಜಿಪ್ಸಮ್ಮನ್ನು ಬಳಸುವುದುಂಟಾದುದರಿಂದ, ತಮ್ಮ ಗೋಡೆಯ ಸಾರಣೆಯು ಯಾವುದೆಂಬುದನ್ನು ಮನೆಯವರು ಮೊದಲು ವಿಚಾರಿಸತಕ್ಕದ್ದು.

ಹೊಸ ಅಂಟಿನ ಬಲವು ಸಾಲದೆಂದು ಯಾರೂ ಭಾವಿಸಬೇಡಿರಿ. ಯುರೋಪಿನ ಮಾನಕದ ಮೇಲ್ದರ್ಜೆಯ ಸಿಮೆಂಟಿನ ಅಂಟು, ಚೆನ್ನಾಗಿ ಕಚ್ಚಿದಾಗ, ಚದರ ಸೆಂಟಿಮೀಟರಿಗೆ ಸುಮಾರು ೧೦ ಕಿಲೋಗ್ರಾಂ ಎಳೆತವನ್ನು ತಾಳಬೇಕು. ಒಂದಡಿ ಅಗಲ, ಎರಡಡಿ ಉದ್ದದ ೨೦ ಮಿಲಿಮೀಟರು ದಪ್ಪದ ಕಲ್ಲು ತೂಗುವುದು ಹತ್ತು ಕಿಲೋಗ್ರಾಮಿನಷ್ಟು. ಅದರ ಬೆನ್ನು ಸುಮಾರು ೧೮೦೦ ಚದರ ಸೆಂಟಿಮೀಟರು. ಲೆಕ್ಕದ ಪ್ರಕಾರ ಅಂಟಿನ ಬಲವು ಬೇಕಾದುದಕ್ಕಿಂತ ಸಾವಿರ ಪಾಲು ಹೆಚ್ಚು. ಹಳೆಯ ಟೈಲ್ಸು ಕೂಡ ತನ್ನ ಬೆನ್ನಿನ ಎಲ್ಲ ಭಾಗದಲ್ಲಿಯೂ ಗಾರೆಯನ್ನು ಕಚ್ಚಿಕೊಂಡಿದ್ದರೆ ಈ ಹೊರೆಯನ್ನು ಹೊರಲಾರದೆಂದೇನೂ ಇಲ್ಲ. ಹಾಗಿದ್ದರೆ ಕಲ್ಲುಗಳು ಬೀಳುವುದೇಕೆ? ಕಚ್ಚಿದ ಕಡೆಯಲ್ಲಿ ಬಲವು ಎಷ್ಟಿದ್ದರೂ, ಕಚ್ಚದ ಕಡೆಯಲ್ಲಿ ಅದು ಸೊನ್ನೆಯಾದುದರಿಂದ.

ನಮ್ಮಲ್ಲಿ ಹಿಂದೆ ಟೈಲ್ಸನ್ನು ಹಚ್ಚುತ್ತಿದ್ದ ಬಗೆಯನ್ನು ನೆನೆದರೆ ಇದು ಸ್ಪಷ್ಟವಾಗುವುದು. ಟೈಲ್ಸಿನ ಬೆನ್ನಿನ ನಡುವೆ ಗಾರೆಯ ಒಂದು ಮುದ್ದೆಯನ್ನಿಟ್ಟು, ಸಿಮೆಂಟಿನ ಹಾಲನ್ನು ಬಳಿದು, ಗೋಡೆಗೆ ಒತ್ತಿ, ಕರಣೆಯ ಹಿಡಿಯಿಂದ ಕುಟ್ಟುತ್ತಿದ್ದರು. ನಡುವೆ ಗಾರೆಯು ಹಿಡಿಯುತ್ತಿತ್ತು. ನಾಲ್ಕು ಮೂಲೆಗಳು ಎಷ್ಟೋ ವೇಳೆ ಟೊಳ್ಳಾಗಿಯೇ ಉಳಿಯುತ್ತಿದ್ದುವು. ಹಗುರವಾದ ಟೈಲ್ಸಿಗೆ ಅಷ್ಟು ಹಿಡಿತವೇ ಸಾಕಾಗಿತ್ತು. ಇದಕ್ಕೆ ನಮ್ಮ ಊರಿನ ಹವೆಯು ಸೇರಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಮುರಕಲ್ಲಿನ ಗೋಡೆಯು ನೀರನ್ನು ಹೀರುವುದು, ಬೇಸಿಗೆಯಲ್ಲಿ ಬಿಡುವುದು. ಅಳಿವೆಯ ಬಳಿಯ ಹೊಯಿಗೆಯನ್ನು ತೊಳೆಯದೆ ಬಳಸಿದ ಗಾರೆಯಾದರೆ ಅದರಲ್ಲಿ ಉಪ್ಪು ಇರುತ್ತದೆ. ಆ ಉಪ್ಪು ನೀರಿನೊಡನೆ ಸಂಚರಿಸಿ, ಒಣಗುವಾಗ ಹರಳುಗಟ್ಟಿ, ಗಾರೆಯನ್ನು ಒಳಗಿನಿಂದಲೇ ಪುಡಿಮಾಡುತ್ತದೆ. ಬಿಸಿನೀರಿನ ಕಾವಿಗೆ ಟೈಲ್ಸು ಹಿಗ್ಗಿ ಕುಗ್ಗುವುದು ಬೇರೆ. ಹೀಗೆ ಮೂವತ್ತು ವರ್ಷ ಕಳೆದ ಟೈಲ್ಸು ಹೊರಗಿನಿಂದ ನೆಟ್ಟಗೆ ನಿಂತಂತೆ ಕಂಡರೂ, ಅದು ನಿಂತಿರುವುದು ಪಕ್ಕದ ಟೈಲ್ಸುಗಳ ಒತ್ತಿನಿಂದ ಮಾತ್ರವೇ ಆಗಿರಬಹುದು.

ನಮ್ಮ ನೆರೆಯ ಒಂದು ಮನೆಯಲ್ಲಿ ನಡೆದುದನ್ನು ಹೇಳುವುದು ಅಪ್ರಸ್ತುತವಾಗಲಾರದು. ಮಗಳ ಮದುವೆಯ ಮುಂಚೆ ಮನೆಯನ್ನು ಚೆಂದಗೊಳಿಸಬೇಕೆಂದು ಅವರು ಮಹಡಿಯ ಬಚ್ಚಲುಮನೆಗೆ ಕರಿಯ ಕಲ್ಲನ್ನು ಹಳೆಯ ಟೈಲ್ಸಿನ ಮೇಲೆಯೇ ಅಂಟಿಸಿದರು. ಕೆಲಸವು ನೋಡಲು ಬಹು ಸೊಗಸಾಗಿತ್ತು. ಎರಡು ಮಳೆಗಾಲಗಳು ಕಳೆದುವು. ಮೂರನೆಯ ವರ್ಷ ಆಟಿ ತಿಂಗಳಿನ ಒಂದು ರಾತ್ರಿ, ಎಲ್ಲರೂ ಮಲಗಿದ್ದಾಗ, ದೊಡ್ಡ ಸದ್ದಾಯಿತು. ಹೋಗಿ ನೋಡಿದರೆ ಕಿಟಕಿಯ ಪಕ್ಕದ ಮೂರು ಕಲ್ಲುಗಳು ನೆಲಕ್ಕೆ ಬಿದ್ದು, ಮಕ್ಕಳು ಕುಳಿತು ಮೀಯುವ ಮಣೆಯು ಎರಡು ತುಂಡಾಗಿತ್ತು. ಬೆಳಿಗ್ಗೆ ಬಿದ್ದ ಕಲ್ಲುಗಳನ್ನು ಮಗುಚಿ ನೋಡಿದಾಗ ಒಂದೊಂದರ ಬೆನ್ನಿಗೂ ಹಳೆಯ ನೀಲಿ ಟೈಲ್ಸುಗಳು ಬಿಡಿಸಲಾರದಷ್ಟು ಭದ್ರವಾಗಿ ಅಂಟಿಕೊಂಡಿದ್ದುವು. ಹೊಸ ಅಂಟು ತನ್ನ ಕರ್ತವ್ಯವನ್ನು ಪೂರ್ಣವಾಗಿ ಮಾಡಿತ್ತು. ಕೈಬಿಟ್ಟುದು ಹಳೆಯ ಗಾರೆ. ಹೊರಗೋಡೆಯ ಒಸರು ನೀರು ವರ್ಷಗಳಿಂದ ಅದನ್ನು ಸಡಿಲಿಸುತ್ತಿದ್ದುದನ್ನು ಮೊದಲು ಟೈಲ್ಸು ಮರೆಮಾಡಿತ್ತು. ಬಳಿಕ ಕಲ್ಲು ಮರೆಮಾಡಿತು. ‘ಸ್ಥಗ್’ ಧಾತುವಿನ ಎರಡನೆಯ ಅರ್ಥವು ಇಲ್ಲಿ ಪ್ರತ್ಯಕ್ಷವಾಯಿತು.

ಆದುದರಿಂದ ಕಲ್ಲನ್ನು ಕೊಳ್ಳುವ ಮೊದಲು ಗೋಡೆಯನ್ನು ಪರೀಕ್ಷಿಸತಕ್ಕದ್ದು. ಇದಕ್ಕೆ ಮೂರು ಉಪಾಯಗಳುಂಟು, ಮೂರೂ ಮನೆಯವರೇ ಮಾಡಬಹುದಾದವು.

ಮೊದಲನೆಯದು ಸದ್ದಿನ ಪರೀಕ್ಷೆ. ಒಂದು ನಾಣ್ಯದಿಂದಲೋ ಮರದ ಸೌಟಿನ ಹಿಡಿಯಿಂದಲೋ ಒಂದೊಂದು ಟೈಲ್ಸಿನ ನಡುವನ್ನೂ ನಾಲ್ಕು ಮೂಲೆಗಳನ್ನೂ ಮೆಲ್ಲನೆ ಬಡಿಯಿರಿ. ಗಟ್ಟಿಯಾದ ಟೈಲ್ಸು ಗೋಡೆಯ ಸದ್ದನ್ನೇ ಕೊಡುವುದು. ಟೊಳ್ಳಾದುದು ಒಣಗಿದ ತೆಂಗಿನಕಾಯಿಯಂತೆ ಮಾತನಾಡುವುದು. ಟೊಳ್ಳಾದವುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿರಿ. ಗುರುತುಗಳು ಅಲ್ಲೊಂದು ಇಲ್ಲೊಂದು ಇದ್ದರೆ ಅಷ್ಟನ್ನೇ ಕಿತ್ತು, ಗಾರೆಯನ್ನು ತುಂಬಿ ಸಮಮಾಡಬಹುದು. ಸಾಲುಸಾಲಾಗಿ ಕಂಡರೆ ಆ ಗೋಡೆಯ ಎಲ್ಲವನ್ನೂ ಕೀಳುವುದಲ್ಲದೆ ಬೇರೆ ದಾರಿಯಿಲ್ಲ.

ಎರಡನೆಯದು ನೀರಿನ ಪರೀಕ್ಷೆ. ಬಚ್ಚಲುಗೋಡೆಯ ಆಚೆಯ ಬದಿಗೆ ಹೋಗಿ ನೋಡಿರಿ. ಬಣ್ಣವು ಉಬ್ಬಿದೆಯೆ, ಬಿಳಿಯ ಉಪ್ಪಿನ ಹೂ ಎದ್ದಿದೆಯೆ, ಕೈಗೆ ತಂಪು ತಾಗುವುದೆ? ಮಳೆಗಾಲದಲ್ಲಿ ಮಾತ್ರ ಒದ್ದೆಯಾದರೆ ದೋಷವು ಹೊರಗಿನದು. ಬೇಸಿಗೆಯಲ್ಲಿಯೂ ಒದ್ದೆಯಿದ್ದರೆ ಕೊಳವೆಯದೋ ನೆಲದ್ದೋ ಆಗಿರಬೇಕು. ಯಾವುದೇ ಆಗಲಿ, ಕಲ್ಲನ್ನು ಹಚ್ಚಿದ ಮಾತ್ರಕ್ಕೆ ಸೋರಿಕೆಯು ನಿಲ್ಲುವುದಿಲ್ಲ. ಹುಣ್ಣಿನ ಮೇಲೆ ಪೀತಾಂಬರವನ್ನು ಹೊದಿಸಿದರೆ ಹುಣ್ಣು ಮಾಯುವುದುಂಟೆ?

ಮೂರನೆಯದು ಕಲ್ಲಿನದೇ ಪರೀಕ್ಷೆ. ಬೇಕಾದ ಅಂಟಿನಿಂದ ಒಂದು ಚಿಕ್ಕ ಕಲ್ಲಿನ ತುಂಡನ್ನು ಹಳೆಯ ಟೈಲ್ಸಿನ ಮೇಲೆ ಹಚ್ಚಿ, ಒಂದು ವಾರ ಬಿಟ್ಟು, ಉಳಿಯಿಂದ ಕಿತ್ತು ನೋಡುವುದು. ಹಳೆಯ ಟೈಲ್ಸೇ ಕಿತ್ತುಬಂದರೆ ದೋಷವು ಹಳೆಯ ಗಾರೆಯದು. ಟೈಲ್ಸಿನ ಮುಖವು ನುಣ್ಣಗೆ ಉಳಿದು ಅಂಟು ಮಾತ್ರ ಬಂದರೆ, ಮುಖವನ್ನು ಸರಿಯಾಗಿ ಸಿದ್ಧಪಡಿಸಿಲ್ಲ, ಅಥವಾ ಅಂಟು ಆ ಕೆಲಸದ್ದಲ್ಲ. ಕಲ್ಲೇ ಮುರಿದು ಅಂಟು ಬಿಡದಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಕಾರ್ಯದಿಂದ ಕಾರಣವನ್ನು ಅನುಮಾನಿಸುವುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆಯು ಸಿಗಲಾರದು.

ಗೋಡೆಯು ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಯಿತೆನ್ನೋಣ. ಮುಂದಿನದು ಟೈಲ್ಸಿನ ಮುಖವನ್ನು ಸಿದ್ಧಪಡಿಸುವ ಕೆಲಸ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಆಂಟೋನಿಯೊ ಮೊಸ್ಕೇನಿ ಎಂಬವರು ೧೮೯೯ರಿಂದ ೧೯೦೧ರ ವರೆಗೆ ಬರೆದ ಚಿತ್ರಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರುವರು. ಅವುಗಳಲ್ಲಿ ಗೋಡೆಯ ಚಿತ್ರಗಳನ್ನು ಒದ್ದೆಯ ಸುಣ್ಣದ ಸಾರಣೆಯ ಮೇಲೆ ಬರೆದುದರಿಂದ ಬಣ್ಣವು ಸಾರಣೆಯೊಳಕ್ಕೆ ಇಳಿದು ಅದರೊಡನೆ ಒಂದಾಗಿದೆ. ಸಿಮೆಂಟಿನ ಹಿಡಿತದ ಗುಟ್ಟೂ ಬಹುಮಟ್ಟಿಗೆ ಅದೇ: ಸೂಕ್ಷ್ಮರಂಧ್ರಗಳೊಳಕ್ಕೆ ಇಳಿದು, ಅಲ್ಲಿ ಹರಳುಗಟ್ಟಿ, ಬೇರೂರುವುದು. ಟೈಲ್ಸಿನ ಮುಖವಾದರೋ ಗಾಜಿನ ಲೇಪವುಳ್ಳದ್ದು. ಅದರಲ್ಲಿ ರಂಧ್ರವೇ ಇಲ್ಲ. ಬರಿಯ ಸಿಮೆಂಟಿಗೆ ಅಲ್ಲಿ ಬೇರೂರಲು ನೆಲೆಯಿಲ್ಲ. ಅದರ ಮೇಲೆ ಎಷ್ಟೋ ವರ್ಷಗಳ ಅಭ್ಯಂಗದ ತೆಂಗಿನೆಣ್ಣೆ, ಸಾಬೂನಿನ ಜಿಡ್ಡುಗಳು ಬೇರೆ ಸೇರಿರುತ್ತವೆ.

ಆದಕಾರಣ ಮೊದಲು ಬಟ್ಟೆಸೋಡದ ಬಿಸಿನೀರಿನಿಂದ ತಿಕ್ಕಿ ತೊಳೆದು ಜಿಡ್ಡನ್ನು ಪೂರ್ಣವಾಗಿ ತೆಗೆಯಬೇಕು. ಅನಂತರ ಗ್ರೈಂಡರಿನಿಂದ ಹೊಳಪನ್ನು ಕೆರೆದು ಒರಟುಮಾಡಬೇಕು. ಆಗ ಏಳುವ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟುದಾದುದರಿಂದ ಕೆಲಸದವರು ಮೂಗುಬಾಯಿಗಳಿಗೆ ಸರಿಯಾದ ಮುಸುಕನ್ನು ಧರಿಸುವಂತೆ ಮನೆಯವರು ನೋಡಿಕೊಳ್ಳತಕ್ಕದ್ದು. ಧೂಳನ್ನು ತೊಳೆದು, ಒಣಗಿಸಿ, ಅಂಟು ತಯಾರಿಸುವವರು ಹೇಳಿದ ಪ್ರೈಮರನ್ನು ಬಳಿಯಬೇಕು. ಅಂಟು ಬರಿಯ ಸಿಮೆಂಟಾಗಿರದೆ ಪಾಲಿಮರ್ ಸೇರಿದುದಾಗಿರಬೇಕು. ಭಾರತೀಯ ಮಾನಕ ಸಂಸ್ಥೆಯು ೨೦೧೯ರಲ್ಲಿ ಪರಿಷ್ಕರಿಸಿದ ೧೫೪೭೭ ಸಂಖ್ಯೆಯ ಮಾನಕದಲ್ಲಿ ಇಂತಹ ಅಂಟುಗಳನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ಚೀಲದ ಮೇಲೆ ಆ ಸಂಖ್ಯೆಯೂ ವರ್ಗವೂ ಇವೆಯೆ, ಕಲ್ಲಿಗೂ ಹಳೆಯ ಟೈಲ್ಸಿನ ಮೇಲಣ ಕೆಲಸಕ್ಕೂ ತಕ್ಕುದೆಂದು ಬರೆದಿದೆಯೆ ಎಂಬುದನ್ನು ಓದಿಯೇ ಕೊಳ್ಳಿರಿ.

ಹಚ್ಚುವಾಗ ಹಳೆಯ ಮುದ್ದೆಯ ಪದ್ಧತಿಯನ್ನು ಬಿಟ್ಟುಬಿಡತಕ್ಕದ್ದು. ಹಲ್ಲಿನ ಕರಣೆಯಿಂದ ಅಂಟನ್ನು ಗೆರೆಗೆರೆಯಾಗಿ ಒಂದೇ ದಿಕ್ಕಿಗೆ ಎಳೆದು, ಕಲ್ಲಿನ ಬೆನ್ನಿಗೂ ತೆಳ್ಳಗೆ ಸವರಿ, ಒತ್ತಿ ಕೂರಿಸಬೇಕು. ನೀರು ಬೀಳುವ ಸ್ಥಳದಲ್ಲಿ ಕಲ್ಲಿನ ಬೆನ್ನಿನ ನೂರರಲ್ಲಿ ತೊಂಬತ್ತೈದು ಪಾಲಾದರೂ ಅಂಟು ಹಿಡಿದಿರಬೇಕೆಂದು ಅಮೆರಿಕದ ಕೆಲಸಗಾರರ ನಿಯಮವಿದೆ. ನಡುನಡುವೆ ಒಂದು ಕಲ್ಲನ್ನು ಆಗಲೇ ಕಿತ್ತು ಬೆನ್ನನ್ನು ನೋಡಿದರೆ ಇದು ತಿಳಿಯುವುದು. ಕೆಳಗಿನ ಸಾಲು ಭದ್ರವಾದ ಆಸರೆಯ ಮೇಲೆ ಕುಳಿತು ಗಟ್ಟಿಯಾದ ಬಳಿಕವೇ ಮೇಲಿನ ಸಾಲುಗಳನ್ನು ಏರಿಸಬೇಕು. ಒಂದೇ ದಿನದಲ್ಲಿ ಮಾಡಿನವರೆಗೆ ಮುಗಿಸುವ ಆತುರ ಸಲ್ಲದು. ಕಲ್ಲುಕಲ್ಲುಗಳ ನಡುವೆ ಎರಡು ಮೂರು ಮಿಲಿಮೀಟರು ಸಂದು ಬಿಟ್ಟು, ಮೂಲೆಗಳಲ್ಲಿ ಸಿಮೆಂಟಿಗೆ ಬದಲಾಗಿ ಸಿಲಿಕೋನನ್ನು ತುಂಬಿದರೆ ಹಿಗ್ಗುಕುಗ್ಗುಗಳಿಗೆ ಎಡೆ ದೊರೆಯುವುದು. ಎದೆಯ ಎತ್ತರಕ್ಕಿಂತ ಮೇಲೆ ದಪ್ಪ ಕಲ್ಲನ್ನು ಹಚ್ಚುವುದಾದರೆ, ಅಂಟಿನ ಜೊತೆಗೆ ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆಗಳನ್ನು ಮೂಲಗೋಡೆಗೇ ಬಿಗಿದು ಕಲ್ಲನ್ನು ಹಿಡಿಸುವುದು ಕ್ಷೇಮ.

ಕಲ್ಲಿನ ಜಾತಿಯನ್ನೂ ತಿಳಿದಿರಬೇಕು. ಅಮೃತಶಿಲೆ, ಕಡಪ, ಶಹಾಬಾದಿ, ಕೋಟಾ ಕಲ್ಲುಗಳು ಸುಣ್ಣದ ಸಂತತಿಯವು; ಬಚ್ಚಲನ್ನು ತೊಳೆಯುವ ಆಸಿಡ್ಡು ತಾಗಿದರೆ ಬುರುಗೆದ್ದು ಮುಖವು ಕೆಡುವುದು. ಗ್ರಾನೈಟಿಗೆ ಆ ಭಯವು ಕಡಮೆ. ಬಿಳಿಯ ಅಮೃತಶಿಲೆಗೆ ಬೂದುಬಣ್ಣದ ಅಂಟನ್ನು ಹಚ್ಚಿದರೆ ಕಲೆಯು ಮುಖಕ್ಕೆ ಇಣುಕುವುದರಿಂದ ಬಿಳಿಯ ಅಂಟೇ ಬೇಕು. ಹಸಿರು ಅಮೃತಶಿಲೆಗಳಲ್ಲಿ ಕೆಲವು ನೀರಿನಲ್ಲಿ ಕಲಸಿದ ಅಂಟಿಗೆ ಸೊಟ್ಟಗಾಗುತ್ತವೆ. ಮುರಕಲ್ಲಿನ ಹಲಗೆಯು ನೀರನ್ನು ಹೀರಿ ಪಾಚಿಗಟ್ಟುವುದಾದುದರಿಂದ ಅದನ್ನು ನೀರು ಬೀಳದ ಗೋಡೆಗೆ ಮೀಸಲಿಡುವುದೇ ಲೇಸು. ಕೆಲವು ಹಲಗೆಗಳ ಬೆನ್ನಿಗೆ ಗಾಜಿನ ನೂಲಿನ ಬಲೆಯನ್ನು ಅಂಟಿಸಿರುತ್ತಾರೆ. ಅದನ್ನು ತೆಗೆಯದಿದ್ದರೆ ನಮ್ಮ ಅಂಟು ಕಲ್ಲನ್ನು ಹಿಡಿಯದೆ ಬಲೆಯನ್ನು ಮಾತ್ರ ಹಿಡಿಯುವುದು.

ಸ್ಥಳದ ವಿಚಾರವೊಂದು ಉಳಿಯಿತು. ಕಲ್ಲು ಮತ್ತು ಅಂಟು ಸೇರಿ ಒಂದೊಂದು ಗೋಡೆಯೂ ಸುಮಾರು ಒಂದಂಗುಲ ದಪ್ಪವಾಗುವುದು. ಎದುರುಬದುರು ಗೋಡೆಗಳಿಂದ ಎರಡಂಗುಲ ಕೋಣೆಯು ಕಿರಿದಾಗುವುದು. ನಲ್ಲಿಗಳ ಬುಡ ಒಳಗೆ ಹೂತುಹೋಗುವುದರಿಂದ ಅವಕ್ಕೆ ತುಂಡುಗಳನ್ನು ಜೋಡಿಸಬೇಕು. ದಾರಂದಕ್ಕಿಂತ ಕಲ್ಲು ಮುಂದೆ ಬಂದು ಬಾಗಿಲು ತೆರೆಯಲು ಅಡ್ಡಿಯಾದೀತೆ ಎಂದು ಮೊದಲೇ ಅಳೆಯಬೇಕು. ನೀರು ಕಾಯಿಸುವ ಗೀಸರಿನ ಮೊಳೆಗಳು ಕಲ್ಲನ್ನೂ ಟೈಲ್ಸನ್ನೂ ದಾಟಿ ಮೂಲಗೋಡೆಯನ್ನೇ ಹಿಡಿಯಬೇಕು. ತುಂಬಿದ ಗೀಸರಿನ ಹೊರೆಯನ್ನು ಕಲ್ಲಿನ ಮೇಲೆ ಎಂದಿಗೂ ಹಾಕಬಾರದು.

ಇವೆಲ್ಲವನ್ನೂ ಪರ್ಯಾಲೋಚಿಸಿದರೆ ನಮ್ಮ ಅಭಿಪ್ರಾಯವಿಷ್ಟು. ಹಳೆಯ ಟೈಲ್ಸು ಗಟ್ಟಿಯಾಗಿದ್ದು, ಗೋಡೆಯು ಒಣಗಿದ್ದು, ಕಲ್ಲು ಹತ್ತು ಮಿಲಿಮೀಟರಿನ ಆಸುಪಾಸಿನದಾದರೆ ಮೇಲೆಯೇ ಅಂಟಿಸುವುದರಲ್ಲಿ ದೋಷವಿಲ್ಲ. ಇಪ್ಪತ್ತು ಮಿಲಿಮೀಟರಿನ ಕಲ್ಲೇ ಬೇಕೆಂಬವರು ಹಳೆಯದನ್ನು ಕಿತ್ತು, ಸಾರಣೆಯನ್ನು ಸರಿಪಡಿಸಿ, ನೀರುತಡೆಯ ಲೇಪವನ್ನು ಕೊಟ್ಟು ಹೊಸತಾಗಿ ಹಚ್ಚುವುದು ಲೇಸು. ಮಹಡಿಯ ಮನೆಯಾದರೆ, ಒಂದು ಟನ್ನಿನ ಹತ್ತಿರದ ಹೊರೆಯನ್ನು ಕೆಳಗಿನ ತೊಲೆಗಳು ಹೊರಬಲ್ಲುವೆ ಎಂದು ಇಂಜಿನಿಯರರನ್ನು ಕೇಳಬೇಕು. ಕೆಲಸವನ್ನು ಮಳೆಗಾಲದಲ್ಲಿ ಹಿಡಿಯದೆ ನವರಾತ್ರಿಯ ತರುವಾಯ, ಗೋಡೆಗಳು ಒಣಗಿದ ಮೇಲೆ ಹಿಡಿಯುವುದು ಉತ್ತಮ.

ಇವೆರಡರ ನಡುವೆ ಒಂದು ಮಧ್ಯಮಮಾರ್ಗವೂ ಇದೆ. ಭಾರವಾದ ಕಲ್ಲನ್ನು ನೆಲದ ಮೇಲೆ ಊರಿ, ಸೊಂಟದ ಎತ್ತರದವರೆಗೆ ಮಾತ್ರ ನಿಲ್ಲಿಸಿ, ಅದರ ಮೇಲಕ್ಕೆ ಹಗುರವಾದ ಟೈಲ್ಸನ್ನೋ ಬಣ್ಣವನ್ನೋ ಬಳಸುವುದು. ಆಗ ಕಲ್ಲಿನ ಭಾರವು ನೆಲಕ್ಕೆ ಇಳಿಯುವುದು. ಅಂಟು ಅದನ್ನು ಗೋಡೆಗೆ ಒರಗಿಸಿಡುವುದಷ್ಟೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯು ೧೪೩೦ರಲ್ಲಿ ಕಟ್ಟಲ್ಪಟ್ಟಿತು. ಅಷ್ಟು ಮಳೆಗಾಲಗಳನ್ನು ಕಂಡ ಆ ಕಂಬಗಳು ಗಾರೆಯನ್ನು ನಂಬಿ ನಿಂತವಲ್ಲ; ಕಲ್ಲಿನ ಮೇಲೆ ಕಲ್ಲು ತನ್ನ ಭಾರವನ್ನು ನೆಟ್ಟಗೆ ಭೂಮಿಗೆ ಒಪ್ಪಿಸಿ ನಿಂತಿದೆ. ಕಲ್ಲಿನ ಸ್ವಭಾವವನ್ನು ನಮ್ಮ ಶಿಲ್ಪಿಗಳು ಚೆನ್ನಾಗಿ ಬಲ್ಲವರಾಗಿದ್ದರು.

ಕಡೆಯದಾಗಿ ಒಂದು ಮಾತು. ನಮ್ಮ ಊರಿನ ಅನುಭವಸ್ಥರಾದ ಮೇಸ್ತ್ರಿಗಳಲ್ಲಿ ಅನೇಕರು, “ಈ ಗೋಡೆಗೆ ಬೇಡ, ಕೀಳುವುದೇ ಒಳ್ಳೆಯದು” ಎಂದು ತಾವಾಗಿಯೇ ಹೇಳುವುದುಂಟು. ಹಾಗೆ ಹೇಳುವವರು ಕೂಲಿಯ ಆಸೆಯಿಂದ ಹೇಳುತ್ತಾರೆಂದು ಎಣಿಸಿ, ‘ಆಗುತ್ತದೆ’ ಎನ್ನುವ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವವರು ಉಂಟು. ಹಾಗೆ ಮಾಡುವ ಮೊದಲು ಒಂದು ನಾಣ್ಯವನ್ನು ಹಿಡಿದು ಗೋಡೆಯನ್ನು ತಾವೇ ಒಮ್ಮೆ ತಟ್ಟಿ ನೋಡಲಿ. ಗೋಡೆಯು ಕೊಡುವ ಉತ್ತರದಲ್ಲಿ ಯಾರ ಲಾಭವೂ ಬೆರೆತಿರುವುದಿಲ್ಲ.